ಬೆಟ್ಟದ ನೆಲ್ಲಿಯ ನೆಲೆ

ಕಾರ್ತಿಕಮಾಸದ ಉತ್ಥಾನದ್ವಾದಶಿಯ ದಿನ ನಮ್ಮ ಮನೆಗಳಲ್ಲಿ ತುಳಸಿಯ ಕಟ್ಟೆಯನ್ನು ಸಾರಿಸಿ, ರಂಗವಲ್ಲಿಯನ್ನಿಟ್ಟು, ತುಳಸಿಯ ಮಗ್ಗುಲಲ್ಲಿ ಕಾಯಿಬಿಟ್ಟ ನೆಲ್ಲಿಯ ಕೊಂಬೆಯೊಂದನ್ನು ನಿಲ್ಲಿಸಿ ಪೂಜೆಮಾಡುವ ಸಂಪ್ರದಾಯವು ಬಹುಕಾಲದಿಂದ ನಡೆದುಬಂದಿದೆ. ಆ ಹಬ್ಬ ಕಳೆಯುತ್ತಲೇ ನೆಲ್ಲಿಕಾಯಿ ಸಂತೆಗೆ ಬರತೊಡಗುತ್ತದೆ. ಗೃಹಿಣಿಯರು ಭರಣಿಗಳನ್ನು ತೊಳೆದು ಬಿಸಿಲಿಗಿಡುತ್ತಾರೆ. ಉಪ್ಪಿನಕಾಯಿ, ಚಟ್ಟು, ಮೊರಬ್ಬಗಳ ಕೆಲಸ ಮೊದಲಾಗುತ್ತದೆ. ಈ ಕಾಯಿಗೆ ನಮ್ಮ ಹಿರಿಯರು ಇಟ್ಟ ಹೆಸರು 'ಬೆಟ್ಟದ ನೆಲ್ಲಿ' ಎಂದು. ಈಚೆಗೆ ತೋಟಗಳಲ್ಲಿಯೂ ಇದನ್ನು ಬೆಳೆಸುತ್ತಾರೆಂಬುದು ದಿಟ. ಆದರೂ ಅದರ ತವರು ಬೆಟ್ಟವೇ. ಹೆಸರಿನಲ್ಲಿಯೇ ಗಿಡದ ನೆಲೆ ಯಾವುದೆಂಬ ಅರಿವು ಅಡಗಿದೆ. ಹಾಗಾದರೆ ಬೆಟ್ಟದ ಯಾವ ಭಾಗದಲ್ಲಿ ಅದು ಬೆಳೆಯುತ್ತದೆ? ಅಲ್ಲಿಯೇ ಬೆಳೆಯಲು ಕಾರಣವೇನು? ಇನ್ನು ಮುಂದೆಯೂ ಅಲ್ಲಿ ಬೆಳೆದೀತೆ? ಈ ಪ್ರಶ್ನೆಗಳನ್ನು ಬಿಳಿಗಿರಿರಂಗನ ಬೆಟ್ಟದ ಕಾಡನ್ನು ನಿದರ್ಶನವಾಗಿಟ್ಟುಕೊಂಡು ವಿಚಾರಮಾಡಬೇಕೆಂಬುದು ನಮ್ಮ ಉದ್ದೇಶ.

ದೂರದಿಂದ ನೋಡುವವರಿಗೆ ಕಾಡೆಂಬುದು ಒಂದೇ ಹಸುರಾಗಿ ತೋರುತ್ತದೆ. ಒಳಹೊಕ್ಕು ನೋಡಿದರೆ ಮಾತ್ರ ಅದೊಂದು ದೊಡ್ಡ ಊರಿನಂತೆ ಕಾಣುವುದು. ಊರಿನಲ್ಲಿ ನೀರಿನ ಕಡೆಗೆ ಒಂದು ಕೇರಿ, ಮೇಡಿನ ಕಡೆಗೆ ಒಂದು ಕೇರಿ, ಹೊಲದ ಅಂಚಿಗೆ ಒಂದು ಕೇರಿ ಇರುವಂತೆ, ಕಾಡಿನಲ್ಲಿಯೂ ಗಿಡಮರಗಳು ತಂತಮ್ಮ ಕೇರಿಗಳನ್ನು ಮಾಡಿಕೊಂಡಿರುತ್ತವೆ. ಎಲ್ಲಿ ಯಾವ ಗಿಡ ನಿಲ್ಲಬೇಕೆಂಬುದನ್ನು ಮಳೆ, ಮಣ್ಣು, ಎತ್ತರ, ಗಾಳಿ, ಬೆಂಕಿ, ಮೇಯುವ ಪ್ರಾಣಿ, ಕೊನೆಗೆ ಮನುಷ್ಯನ ಕೈ, ಇವೆಲ್ಲವೂ ಸೇರಿ ತೀರ್ಮಾನಿಸುತ್ತವೆ. ಇವುಗಳಲ್ಲಿ ಒಂದನ್ನು ಅಲುಗಿಸಿದರೂ ಕೇರಿಗಳ ಎಲ್ಲೆ ಅಲುಗುತ್ತದೆ. ಬಿಳಿಗಿರಿಯಲ್ಲಿ ಈಗ ಆಗಿರುವುದು ಇದೇ.

ಬಿಳಿಗಿರಿರಂಗನ ಬೆಟ್ಟಗಳು ಚಾಮರಾಜನಗರ ಜಿಲ್ಲೆಗೆ ಸೇರಿದವು. ಪಶ್ಚಿಮಘಟ್ಟದ ಶ್ರೇಣಿಯೂ ಪೂರ್ವಘಟ್ಟದ ಶ್ರೇಣಿಯೂ ಒಂದನ್ನೊಂದು ಸಮೀಪಿಸುವ ಎಡೆಯಲ್ಲಿ, ಉತ್ತರದಿಂದ ದಕ್ಷಿಣಕ್ಕೆ ಸಾಲುಸಾಲಾಗಿ ಇವು ಹಬ್ಬಿಕೊಂಡಿವೆ. ಎರಡು ಘಟ್ಟಗಳ ನಡುವೆ ಕಟ್ಟಿದ ಸೇತುವೆಯೆಂದು ಇವನ್ನು ಬಲ್ಲವರು ವರ್ಣಿಸುತ್ತಾರೆ. ಆದುದರಿಂದ ಪಡುವಣ ಮಲೆನಾಡಿನ ಗಿಡಗಳೂ ಮೂಡಣ ಬಯಲುಸೀಮೆಯ ಗಿಡಗಳೂ ಇಲ್ಲಿ ನೆರೆಹೊರೆಯಾಗಿ ಬಾಳುತ್ತವೆ. ತಪ್ಪಲು ಸಮುದ್ರಮಟ್ಟಕ್ಕೆ ಸುಮಾರು 2000 ಅಡಿ ಮೇಲಿದ್ದರೆ ಅತ್ಯುನ್ನತವಾದ ಶಿಖರಗಳು 6000 ಅಡಿಯ ಹತ್ತಿರಕ್ಕೆ ಮುಟ್ಟುತ್ತವೆ. 1974ರಲ್ಲಿ ದೇವಾಲಯದ ಸುತ್ತಣ ಕಾಡನ್ನು ಸರ್ಕಾರದವರು ವನ್ಯಜೀವಿಧಾಮವೆಂದು ಘೋಷಿಸಿದರು. 1987ರಲ್ಲಿ ಅದರ ಎಲ್ಲೆಯನ್ನು ವಿಸ್ತರಿಸಿ ಸುಮಾರು 540 ಚದರ ಕಿಲೋಮೀಟರುಗಳಿಗೆ ಏರಿಸಿದರು. 2011ರಲ್ಲಿ ಅದು ಹುಲಿಗಳ ರಕ್ಷಿತಾರಣ್ಯವೂ ಆಯಿತು. ಇಷ್ಟು ಸಣ್ಣ ಪ್ರದೇಶದಲ್ಲಿ ಮೇಲ್ದರ್ಜೆಯ ಸಸ್ಯಗಳೇ 776 ಜಾತಿ ಇರುವುದಾಗಿ ಸಸ್ಯಶಾಸ್ತ್ರಜ್ಞರು ಲೆಕ್ಕಹಾಕಿದ್ದಾರೆ.

ಯಳಂದೂರಿನಿಂದ ಬೆಟ್ಟಕ್ಕೆ ಹೋಗುವ ದಾರಿಯನ್ನು ಹಿಡಿದವರಿಗೆ ಈ ಕೇರಿಗಳು ಒಂದಾದಮೇಲೊಂದು ಕಣ್ಣಿಗೆ ಬೀಳುತ್ತವೆ. ಮೊದಲು ಸಿಕ್ಕುವುದು ಕುರುಚಲು ಕಾಡು. ಇಲ್ಲಿ ಮಳೆ ಕಡಮೆ, ಮಣ್ಣು ತೆಳು, ಬಂಡೆ ಹೆಚ್ಚು. ಜಾಲಿ, ಕಗ್ಗಲಿ, ಬೋರೆ ಮುಂತಾದ ಮುಳ್ಳಿನ ಜಾತಿಗಳೇ ಇಲ್ಲಿಯ ನಿವಾಸಿಗಳು. ಎಲೆ ಸಣ್ಣದಾದಷ್ಟೂ ನೀರು ಆವಿಯಾಗಿ ಹೋಗುವುದು ಕಡಮೆ. ಮುಳ್ಳಿದ್ದಷ್ಟೂ ಮೇಯುವ ಬಾಯಿ ದೂರ. ಬಂಡೆಯ ಸಂದುಗಳಲ್ಲಿ ಮಾಗಳಿಯ ಬಳ್ಳಿ ತನ್ನ ಪರಿಮಳದ ಬೇರನ್ನು ಆಳಕ್ಕಿಳಿಸಿ ಬದುಕುತ್ತದೆ. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿಗೆಂದು ಕೊಳ್ಳುವ ಮಾಗಳಿ ಬೇರು ಇಂತಹ ಒಣನೆಲದ ಕಾಡುಗಳಿಂದಲೇ ಬರತಕ್ಕದ್ದು. ಬೇರನ್ನು ಪೂರ್ತಿ ಅಗೆದರೆ ಬಳ್ಳಿಯೇ ಸತ್ತುಹೋಗುವುದೆಂಬುದನ್ನು ಮಾತ್ರ ನಾವು ಯಾರೂ ನೆನೆಯುವುದಿಲ್ಲ. ಇಡೀ ಧಾಮದಲ್ಲಿ ನೂರರಲ್ಲಿ ಸುಮಾರು 28 ಪಾಲು ಈ ಕುರುಚಲು ಕಾಡೇ ಆಗಿದೆ.

ಇನ್ನೂ ಮೇಲಕ್ಕೆ ಹೋದರೆ ಎಲೆಯುದುರುವ ಕಾಡು ಆರಂಭವಾಗುತ್ತದೆ. ಧಾಮದ ಬಹುಭಾಗ, ಎಂದರೆ ನೂರರಲ್ಲಿ ಸುಮಾರು 61 ಪಾಲು, ಇದೇ. ದಿಂಡಿಗ, ಮತ್ತಿ, ಹೊನ್ನೆ, ಬೀಟೆ, ತೇಗ, ಅಳಲೆ ಇವು ಇಲ್ಲಿಯ ದೊಡ್ಡ ಮನೆತನಗಳು. ಮಾಗಿಯ ಚಳಿ ಕಳೆಯುತ್ತ ಬಂದಂತೆ ಈ ಮರಗಳು ಎಲೆಗಳನ್ನು ಕಳಚಿ ಬರಿದಾಗಿ ನಿಲ್ಲುತ್ತವೆ. ಅವು ಒಣಗಿದುವೆಂದು ತಿಳಿಯಬಾರದು. ವೆಚ್ಚವನ್ನು ಕಡಮೆಮಾಡಿ ಕಷ್ಟದ ತಿಂಗಳುಗಳನ್ನು ದಾಟುವ ಜಾಣ ಸಂಸಾರಿಯಂತೆ ಬೇಸಗೆಯನ್ನು ಕಳೆಯುತ್ತವೆ. ಎಲೆ ಉದುರಿದಾಗ ಬಿಸಿಲು ನೆಲಕ್ಕಿಳಿಯುತ್ತದೆ. ಬಿಸಿಲಿಳಿದಲ್ಲಿ ಮಳೆಗಾಲಕ್ಕೆ ಹುಲ್ಲು ಬರುತ್ತದೆ. ಹುಲ್ಲಿದ್ದಲ್ಲಿ ಕಡವೆ, ಜಿಂಕೆ, ಕಾಟಿಗಳು. ಅವು ಇದ್ದಲ್ಲಿ ಹುಲಿ. ನಮ್ಮ ನೆಲ್ಲಿಯ ನೆಲೆಯೂ ಈ ತೆರಪಾದ ಕಾಡೇ. ವಿಶೇಷವೇನೆಂದರೆ, ಬಿಳಿಗಿರಿಯಲ್ಲಿ ನೆಲ್ಲಿ ಒಂದೇ ಜಾತಿಯಲ್ಲ, ಎರಡು. ಒಂದು ಕೆಳಗಣ ಒಣಗಾಡಿನ ನೆಲ್ಲಿ, ಅದರ ಕಾಯಿ ತುಸು ದಪ್ಪ; ಇನ್ನೊಂದು ಮೇಲಣ ತೇವಗಾಡಿನ ನೆಲ್ಲಿ. ಕೊಳ್ಳುವವರಿಗೆ ಎರಡೂ ನೆಲ್ಲಿಕಾಯಿಯೇ. ಮರಗಳಿಗೆ ಮಾತ್ರ ತಂತಮ್ಮ ಕೇರಿ ಬೇರೆ. ಉದುರಿದ ಕಾಯಿಯನ್ನು ಜಿಂಕೆಗಳು ನುಂಗಿ, ದೂರಹೋಗಿ ಮೆಲುಕುಹಾಕುವಾಗ ಬೀಜವನ್ನು ಉಗುಳುತ್ತವೆ. ಹೀಗೆ ನೆಲ್ಲಿಯ ಸಂತತಿ ಕಾಡಿನಲ್ಲಿ ಹರಡುತ್ತದೆ.

ಇನ್ನೂ ಎತ್ತರಕ್ಕೆ, ಕಣಿವೆಗಳ ಮಡಿಲಿಗೆ ಹೋದರೆ ನಿತ್ಯಹರಿದ್ವರ್ಣದ ಕಾಡು. ಕನ್ನಡದಲ್ಲಿ ಇದಕ್ಕೆ 'ಕಾನು' ಎಂಬ ಸೊಗಸಾದ ಹೆಸರಿದೆ. ಇಲ್ಲಿ ಮುಂಗಾರು ಹಿಂಗಾರು ಎರಡು ಮಳೆಗಳೂ ಬೀಳುವುದರಿಂದಲೂ, ಏರುವ ಮೋಡಗಳನ್ನು ಬೆಟ್ಟದ ಸಾಲುಗಳು ತಡೆಯುವುದರಿಂದಲೂ, ತಪ್ಪಲಿಗಿಂತ ಇಮ್ಮಡಿ ಮಳೆಯಾಗುವುದುಂಟು. ಸಂಪಿಗೆ, ನೇರಳೆ, ರಾಳಧೂಪ ಮೊದಲಾದ ಮರಗಳು ಸದಾ ಎಲೆ ತೊಟ್ಟು ನಿಲ್ಲುತ್ತವೆ. ನೆಲಕ್ಕೆ ಬಿಸಿಲೇ ಅಪರೂಪ. ಭಾರ್ಗವಿ ಹೊಳೆಯ ದಡದಲ್ಲಿ ಬೆಳೆದಿರುವ 'ದೊಡ್ಡಸಂಪಿಗೆ' ಈ ಕಾನಿನ ಹಿರಿಯಜ್ಜ. ಹಲವು ಜನ ಕೈಕೈ ಹಿಡಿದು ನಿಂತರೂ ಅದರ ಬುಡವನ್ನು ಸುತ್ತುವುದು ಕಷ್ಟ. ಸೋಲಿಗರಿಗೆ ಅದು ಮರವಲ್ಲ, ದೇವರು. ಕೊನೆಯದಾಗಿ, ಗಾಳಿ ಬಿರುಸಾಗಿ ಬೀಸುವ ನೆತ್ತಿಯ ಮೇಲೆ ಹುಲ್ಲುಗಾವಲು, ಅಲ್ಲಲ್ಲಿ ಕುಳ್ಳ ಈಚಲು. ಹುಲ್ಲಿನ ನಡುವಣ ಮಡಕೆಗಳಲ್ಲಿ, ತೇವ ನಿಂತಲ್ಲಿ ಮಾತ್ರ, ಶೋಲಾ ಎಂದು ಕರೆಯುವ ಗಿಡ್ಡಮರಗಳ ತೋಪು. ಶೋಲಾ ಕಾಡು ಇಡೀ ಧಾಮದಲ್ಲಿ ನೂರರಲ್ಲಿ ಒಂದು ಪಾಲೂ ಇಲ್ಲ. ಆದರೆ ಬೆಟ್ಟದ ತೊರೆಗಳಿಗೆ ನೀರೂಡುವ ಮೂಲಗಳಲ್ಲಿ ಅದೂ ಒಂದು.

ಇಷ್ಟರಿಂದ ಮಳೆ ಮತ್ತು ಎತ್ತರಗಳ ಪ್ರಭಾವವೇನೆಂಬುದು ತಿಳಿಯಿತು. ಆದರೆ ಕಾಡನ್ನು ಇವೆರಡೇ ಮಾಡಿದುವೆಂದು ತಿಳಿದರೆ ಅರ್ಧ ಮಾತ್ರ ತಿಳಿದಂತಾಯಿತು. ಉಳಿದರ್ಧವನ್ನು ತಿಳಿಯಬೇಕಾದರೆ ಸೋಲಿಗರನ್ನು ಕೇಳಬೇಕು.

ಸೋಲಿಗರು ಈ ಬೆಟ್ಟಗಳ ಮೂಲನಿವಾಸಿಗಳು. ಬಿಳಿಗಿರಿರಂಗನು ತಮ್ಮ ಕುಲದ ಕನ್ಯೆಯಾದ ಕುಸುಮಬಾಲೆಯನ್ನು ವರಿಸಿದನೆಂಬ ಕಥೆಯಿಂದ ಅವರು ದೇವರನ್ನೇ 'ರಂಗಭಾವ' ಎಂದು ಸಲುಗೆಯಿಂದ ಕರೆಯುತ್ತಾರೆ. ದೇವರೊಡನೆ ನಂಟುಳ್ಳವರಿಗೆ ಕಾಡಿನೊಡನೆ ನಂಟಿರುವುದು ಆಶ್ಚರ್ಯವಲ್ಲ. ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು 'ಯೆಲ್ಲೆ'ಯುಂಟು. ಆ ಯೆಲ್ಲೆಯಲ್ಲಿ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಪೂಜೆಯ ತಾಣಗಳಿವೆ. ಇವೆಲ್ಲ ಗೋಡೆ ಗೋಪುರಗಳಿಲ್ಲದ ಗುಡಿಗಳು. ಒಂದು ಮರ, ಒಂದು ಬಂಡೆ, ಒಂದು ನೀರಿನ ಝರಿ, ಇಷ್ಟೇ. ಅಂತಹ ಎಡೆಯಲ್ಲಿ ಕೊಡಲಿಯಾಡಿಸುವಂತಿಲ್ಲ. ಕಾಡು ಒಂದೇ ಹಸುರಲ್ಲವೆಂಬುದನ್ನು ಸಸ್ಯಶಾಸ್ತ್ರಜ್ಞರು ಬರೆಯುವ ಮೊದಲೇ ಸೋಲಿಗರು ಅರಿತಿದ್ದರು. ಕಾಡಿನ ಒಂದೊಂದು ಬಗೆಗೂ ಅವರಲ್ಲಿ ಒಂದೊಂದು ಹೆಸರಿದೆ. ಯಾವುದರಲ್ಲಿ ಯಾವ ಗೆಡ್ಡೆ, ಯಾವ ಜೇನು, ಯಾವ ಸೊಪ್ಪು ಎಂಬುದು ಮಕ್ಕಳಿಗೂ ಗೊತ್ತು.

ಹಿಂದೆ ಅವರು ಕಾಡಿನ ಒಂದು ತುಂಡನ್ನು ಸವರಿ, ಸುಟ್ಟು, ರಾಗಿ ಮೊದಲಾದುವನ್ನು ಬಿತ್ತಿ, ಕೆಲವು ಬೆಳೆ ತೆಗೆದಮೇಲೆ ಅದನ್ನು ಕಾಡಿಗೇ ಬಿಟ್ಟು ಬೇರೆಡೆಗೆ ಹೋಗುತ್ತಿದ್ದರು. ಇದಲ್ಲದೆ ಅವರಲ್ಲಿ 'ತರಗುಬೆಂಕಿ' ಎಂಬ ಪದ್ಧತಿಯೊಂದಿತ್ತು. ನಮ್ಮ ವಿಷಯಕ್ಕೆ ಮುಖ್ಯವಾದುದು ಇದೇ. ಪುಷ್ಯ ಮಾಘಗಳ ಸುಮಾರಿಗೆ, ಎಲೆ ಇನ್ನೂ ಪೂರ್ತಿ ಉದುರದೆ, ಇಬ್ಬನಿಯ ತೇವ ನೆಲದಲ್ಲಿ ಇನ್ನೂ ಇರುವಾಗಲೇ, ಉದುರಿದಷ್ಟು ತರಗಿಗೆ ಅವರು ಬೆಂಕಿಯಿಡುತ್ತಿದ್ದರು. ಆ ಬೆಂಕಿ ಮೊಣಕಾಲೆತ್ತರಕ್ಕೆ ಹರಿದು, ತರಗನ್ನೂ ಒಣಹುಲ್ಲನ್ನೂ ಸುಟ್ಟು, ತೇವದ ತೊರೆಯಂಚಿನಲ್ಲಿ ತಾನೇ ನಂದಿಹೋಗುತ್ತಿತ್ತು. ದಪ್ಪ ತೊಗಟೆಯ ಮರಗಳಿಗೆ ಅದು ಲೆಕ್ಕಕ್ಕಿಲ್ಲ. ಮೊದಲ ಮಳೆ ಬೀಳುತ್ತಲೇ ಬೂದಿಯ ನೆಲದಲ್ಲಿ ಎಳೆಹುಲ್ಲು ಚಿಗುರುತ್ತಿತ್ತು, ಗೆಡ್ಡೆಗೆಣಸುಗಳು ಮೇಲೇಳುತ್ತಿದ್ದುವು, ನಡೆದಾಡುವವರಿಗೆ ದಾರಿ ಕಾಣುತ್ತಿತ್ತು. ಮನೆಯಂಗಳವನ್ನು ವರ್ಷಕ್ಕೊಮ್ಮೆ ಗುಡಿಸಿ ಸಾರಿಸುವಂತೆ ಕಾಡಿನಂಗಳವನ್ನು ಅವರು ಗುಡಿಸುತ್ತಿದ್ದರೆಂದು ಹೇಳಬಹುದು.

1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದು, 1974ರಲ್ಲಿ ಧಾಮವೂ ಆದಮೇಲೆ ಈ ಪದ್ಧತಿ ನಿಂತುಹೋಯಿತು. ಬೇಸಾಯದ ಅಲೆದಾಟ ನಿಂತಿತು, ಸೋಲಿಗರನ್ನು 'ಪೋಡು'ಗಳೆಂಬ ಹಳ್ಳಿಗಳಲ್ಲಿ ನೆಲೆಗೊಳಿಸಲಾಯಿತು, ಬೇಟೆಗೆ ತಡೆಯಾಯಿತು, ಬೆಂಕಿಯಿಡುವುದು ಅಪರಾಧವಾಯಿತು. ಧಾಮವಾಗದಿದ್ದರೆ ಈ ಕಾಡು ಏನಾಗುತ್ತಿತ್ತೆಂಬುದನ್ನೂ ಮರೆಯಬಾರದು. ಬೆಟ್ಟದ ನೆತ್ತಿಯಲ್ಲಿ 19ನೆಯ ಶತಮಾನದ ಕೊನೆಯಿಂದಲೇ ಕಾಫಿಯ ತೋಟಗಳೆದ್ದಿದ್ದುವು. ತಪ್ಪಲಿನಲ್ಲಿ ಹೊಲಗಳು ಕಾಡಿನ ಬುಡಕ್ಕೆ ಬಂದಿದ್ದುವು. ಶ್ರೀಗಂಧದ ಕಳ್ಳರ ಕಾಟ ಅನಂತರವೂ ಬಹುಕಾಲ ನಡೆಯಿತು. ಕಾಯಿದೆಯ ಬೇಲಿ ಇಲ್ಲದಿದ್ದಲ್ಲಿ ಇಂದು ನಾವು ಕಾಣುವ ದಿಂಡಿಗ ಮತ್ತಿಗಳಲ್ಲಿ ಎಷ್ಟು ಉಳಿಯುತ್ತಿದ್ದುವೋ! ಆನೆಗಳಿಗೂ ಹುಲಿಗಳಿಗೂ ಈ ಬೆಟ್ಟ ಆಶ್ರಯವಾದದ್ದು ಆ ಬೇಲಿಯಿಂದಲೇ. ಕೊಡಲಿಯನ್ನೂ ಕೋವಿಯನ್ನೂ ಹೊರಗಿಟ್ಟ ಪುಣ್ಯ ಅದಕ್ಕೆ ಸಲ್ಲತಕ್ಕದ್ದು. ಆದರೆ ಬೇಲಿಯನ್ನು ಹಕ್ಕಿಯ ಹೊಟ್ಟೆಯಲ್ಲಿ ಕುಳಿತು ದಾಟುವ ಶತ್ರುವೊಂದಿತ್ತು. ಅದರ ಹೆಸರು ಲಂಟಾನ.

ಲಂಟಾನವು ನಮ್ಮ ನಾಡಿನದಲ್ಲ. ಅಮೆರಿಕಾ ಖಂಡದ ಉಷ್ಣಪ್ರದೇಶಗಳದು. 19ನೆಯ ಶತಮಾನದ ಆರಂಭದಲ್ಲಿ ಯುರೋಪಿಯನ್ನರು ಇದನ್ನು ಉದ್ಯಾನದ ಅಲಂಕಾರಕ್ಕೆಂದು ಭಾರತಕ್ಕೆ ತಂದರು. ಹಳದಿ, ಕೆಂಪು, ಗುಲಾಬಿ ಬಣ್ಣಗಳ ಹೂವಿನ ಗೊಂಚಲು ಯಾರ ಮನಸ್ಸನ್ನಾದರೂ ಸೆಳೆಯುವಂತಹದು. ದನಕರುಗಳು ಎಲೆಯನ್ನು ಮುಟ್ಟವಾದುದರಿಂದ ಬೇಲಿಗೂ ಒದಗಿತು. ಆದರೆ ಕಪ್ಪಾಗಿ ಮಾಗುವ ಇದರ ಸಣ್ಣ ಹಣ್ಣುಗಳನ್ನು ಹಕ್ಕಿಗಳು ಬಲು ಇಷ್ಟದಿಂದ ತಿಂದು ಹೋದೆಡೆಯಲ್ಲೆಲ್ಲ ಬೀಜ ಬಿತ್ತಿದುವು. ಕಡಿದರೆ ಬುಡದಿಂದ ಹತ್ತು ಕವಲಾಗಿ ಚಿಗುರುವುದು ಇದರ ಸ್ವಭಾವ. ಬಿಸಿಲಿನಲ್ಲಿ ಪೊದೆಯಾಗುತ್ತದೆ, ಮರ ಸಿಕ್ಕರೆ ಬಳ್ಳಿಯಂತೆ ಏರುತ್ತದೆ. ಇದರ ದಟ್ಟವಾದ ನೆರಳಿನಲ್ಲಿ ಹುಲ್ಲು ಬೆಳೆಯದು. ಮರಗಳ ಸಸಿಗಳು ತಲೆಯೆತ್ತಲಾರವು.

ಬಿಳಿಗಿರಿಯಲ್ಲಿ ಇದು ಹಬ್ಬಿದ ವೇಗವೆಷ್ಟೆಂಬುದಕ್ಕೆ ನಂಬತಕ್ಕ ಲೆಕ್ಕವೊಂದಿದೆ. ಬೆಂಗಳೂರಿನ 'ಏಟ್ರೀ' ಎಂಬ ಸಂಶೋಧನ ಸಂಸ್ಥೆಯವರು ಈ ಬೆಟ್ಟಗಳಲ್ಲಿ ಬಹುಕಾಲದಿಂದ ಅಧ್ಯಯನ ನಡೆಸುತ್ತ ಬಂದಿದ್ದಾರೆ. ಧಾಮದ ಎಲ್ಲ ಬಗೆಯ ಕಾಡುಗಳಲ್ಲಿಯೂ 134 ಸ್ಥಳಗಳನ್ನು ಗೊತ್ತುಮಾಡಿ, 1997ರಲ್ಲಿ ಅಲ್ಲಿದ್ದ ಗಿಡಮರಗಳನ್ನು ಎಣಿಸಿದ್ದರು. ಅವೇ ಸ್ಥಳಗಳಲ್ಲಿ 2008ರಲ್ಲಿ ಪುನಃ ಎಣಿಕೆ ನಡೆಯಿತು. ಮೊದಲನೆಯ ಸಲ ನೂರರಲ್ಲಿ 41 ಸ್ಥಳಗಳಲ್ಲಿ ಲಂಟಾನವಿತ್ತು. ಎರಡನೆಯ ಸಲ ನೂರರಲ್ಲಿ 81 ಸ್ಥಳಗಳಲ್ಲಿ. ಮೊದಲು ಇಪ್ಪತ್ತು ಕಾಂಡಗಳನ್ನು ಎಣಿಸಿದರೆ ಒಂದು ಲಂಟಾನ. ಹನ್ನೊಂದು ವರ್ಷಗಳ ಮೇಲೆ ಮೂರು ಎಣಿಸಿದರೆ ಒಂದು ಲಂಟಾನ! ಅದು ಹೆಚ್ಚಿದಲ್ಲಿ ನಾಡಿನ ಗಿಡಗಳ ಜಾತಿಗಳು ಕುಗ್ಗಿದ್ದುವು. ಈ ಅಂಕಿಗಳ ಅರ್ಥವನ್ನು ತುಸು ನಿಂತು ಯೋಚಿಸಬೇಕು. ಮುಳ್ಳುಗಾಡು, ಎಲೆಯುದುರುವ ಕಾಡು, ಹುಲ್ಲಿನ ಬೋರೆ ಎಂಬ ಭೇದಗಳನ್ನು ಮಳೆಯೂ ಮಣ್ಣೂ ಸಹಸ್ರಾರು ವರ್ಷಗಳಲ್ಲಿ ಮಾಡಿದ್ದುವು. ಲಂಟಾನಕ್ಕೆ ಆ ಭೇದವಿಲ್ಲ. ಬಹುಮಟ್ಟಿಗೆ ಎಲ್ಲ ಕೇರಿಗಳಲ್ಲಿಯೂ ಅದು ಮನೆಮಾಡಬಲ್ಲುದು. ಮೇಲೆ ನೋಡಿದರೆ ಹಳೆಯ ಮರಗಳು ಹಾಗೆಯೇ ನಿಂತಿವೆ. ಯಾತ್ರಿಕನ ಕಣ್ಣಿಗೆ ಕಾಡು ಸಮೃದ್ಧವಾಗಿದೆ. ಕೆಳಗೆ ನೋಡಿದರೆ ತೊಟ್ಟಿಲು ಬರಿದಾಗಿದೆ. ಅಜ್ಜ ಅಜ್ಜಿಯರು ತುಂಬಿರುವ ಮನೆಯಲ್ಲಿ ಮಕ್ಕಳ ಸದ್ದಿಲ್ಲದಿದ್ದರೆ ಆ ವಂಶದ ಗತಿಯೇನು?

ನೆಲ್ಲಿಯ ಕಥೆಯೂ ಇದೇ. ಅದಕ್ಕೆ ಇನ್ನೊಂದು ಪೀಡೆಯೂ ಸೇರಿತು: ಬಂದಳಿಕೆ. ಸೋಲಿಗರು ಇದನ್ನು 'ಉಪ್ಪಿಲು' ಎನ್ನುತ್ತಾರೆ. ಇದರ ಅಂಟುಳ್ಳ ಬೀಜವು ಹಕ್ಕಿಯಿಂದ ಕೊಂಬೆಗೆ ಅಂಟಿಕೊಂಡು, ಅಲ್ಲಿಯೇ ಮೊಳೆತು, ಬೇರನ್ನು ಮರದೊಳಕ್ಕೆ ಹೊಗಿಸಿ ರಸವನ್ನು ಹೀರುತ್ತದೆ. ಹೀಗೆ ಹಿಡಿದ ಮರ ಕಾಯಿಬಿಡುವುದು ಕಡಮೆ. ಹೆಚ್ಚಾದರೆ ಮರವೇ ಒಣಗುತ್ತದೆ. ಮೊದಲು ಕಾಯಿ ಬಿಡಿಸಲು ಮರವೇರಿದ ಸೋಲಿಗರು ಉಪ್ಪಿಲನ್ನು ಕಂಡರೆ ಸವರಿಹಾಕುತ್ತಿದ್ದರು. ತರಗುಬೆಂಕಿಯ ಶಾಖವೂ ಹೊಗೆಯೂ ಅದನ್ನು ಅಡಗಿಸುತ್ತಿತ್ತೆಂದೂ ಅವರ ಹಿರಿಯರು ಹೇಳುತ್ತಾರೆ. 2002ರಲ್ಲಿ ವನ್ಯಜೀವಿ ಕಾಯಿದೆಗೆ ಆದ ತಿದ್ದುಪಡಿಯ ಪರಿಣಾಮವಾಗಿ, ಕೆಲವೇ ವರ್ಷಗಳಲ್ಲಿ, ಧಾಮದೊಳಗಿನಿಂದ ನೆಲ್ಲಿ, ಜೇನು, ಸೀಗೆ, ಕಲ್ಲುಹೂ ಮೊದಲಾದುವನ್ನು ಮಾರಾಟಕ್ಕಾಗಿ ಸಂಗ್ರಹಿಸುವುದು ನಿಂತಿತು. ಸೋಲಿಗರ ಎಷ್ಟೋ ಮನೆಗಳಿಗೆ ವರ್ಷದ ವರಮಾನದಲ್ಲಿ ದೊಡ್ಡ ಪಾಲು ಬರುತ್ತಿದ್ದುದು ಇವುಗಳಿಂದಲೇ. ವರಮಾನ ಹೋಯಿತು, ಅದರೊಡನೆ ಮರವೇರಿ ಉಪ್ಪಿಲನ್ನು ಸವರುತ್ತಿದ್ದ ಕೈಯೂ ದೂರವಾಯಿತು. ಕಾಯಿ ಬಿಡಿಸುವುದರಿಂದಲೇ ನೆಲ್ಲಿ ಕ್ಷೀಣಿಸುತ್ತಿದೆಯೆ ಎಂಬ ಪ್ರಶ್ನೆಯನ್ನು ಹತ್ತು ವರ್ಷಗಳ ಲೆಕ್ಕಗಳನ್ನಿಟ್ಟುಕೊಂಡು ವಿಜ್ಞಾನಿಗಳು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ್ದಾರೆ. ಎರಡು ಜಾತಿಯ ನೆಲ್ಲಿಯೂ ಇಳಿಮುಖವಾಗಿದೆ. ಆದರೆ ಕಾಯಿ ಬಿಡಿಸುವುದು ಅದಕ್ಕೆ ಮುಖ್ಯ ಕಾರಣವಲ್ಲ ಎಂಬುದು ಅವರು ಕಂಡ ಫಲ.

ಹಾಗಾದರೆ ತರಗುಬೆಂಕಿಯನ್ನು ಪುನಃ ಹಚ್ಚಿಬಿಟ್ಟರೆ ಎಲ್ಲವೂ ಸರಿಹೋಗುವುದೆ? ಸೋಲಿಗರ ಹಿರಿಯರ ಮಾತು ಸ್ಪಷ್ಟವಾಗಿದೆ: ಬೆಂಕಿ ನಿಂತಿತು, ಅದರಿಂದ ಲಂಟಾನ ಹೆಚ್ಚಿತು, ಮೊದಲು ಅದರ ಸಸಿಯೂ ಬೀಜವೂ ಎಳೆಯದರಲ್ಲಿಯೇ ಸುಟ್ಟುಹೋಗುತ್ತಿದ್ದುವು. ಅರಣ್ಯದ ಅಧಿಕಾರಿಗಳ ಭಯವೂ ನಿರಾಧಾರವಾದುದಲ್ಲ. ಬೆಂಕಿಯು ನೆಲವನ್ನು ತೆರವುಮಾಡಿ ಲಂಟಾನಕ್ಕೇ ಎಡೆಕೊಡುವುದು, ಒಣಗಿದ ಲಂಟಾನ ಬೆಂಕಿಗೆ ಸೌದೆಯಾಗುವುದು, ಹೀಗೆ ಒಂದನ್ನೊಂದು ಬೆಳೆಸುವುವೆಂಬ ವಾದವನ್ನು 2005ರಲ್ಲಿ ವಿಜ್ಞಾನಿಗಳೇ ಮುಂದಿಟ್ಟಿದ್ದರು. ನೆರೆಯ ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಎದ್ದ ಕಿಚ್ಚು ಸಾವಿರಾರು ಎಕರೆಗಳನ್ನು ಸುಟ್ಟುದನ್ನು ವಾಚಕರು ಮರೆತಿರಲಾರರು. ನಮ್ಮ ಎಣಿಕೆಯಲ್ಲಿ ಎರಡು ಮಾತುಗಳೂ ಒಂದಕ್ಕೊಂದು ವಿರುದ್ಧವಲ್ಲ. ಎರಡೂ ಬೇರೆಬೇರೆ ಬೆಂಕಿಗಳನ್ನು ಕುರಿತವು. ಮಾಘದಲ್ಲಿ ತರಗಿನ ಮೇಲೆ ಮೊಣಕಾಲೆತ್ತರಕ್ಕೆ ಹರಿದು ನಂದುವ ಬೆಂಕಿ ಒಂದು. ಫಾಲ್ಗುಣ ಚೈತ್ರಗಳಲ್ಲಿ ಆಳೆತ್ತರದ ಒಣಪೊದೆಗಳನ್ನು ಹಿಡಿದು ಮರದ ತುದಿಗೇರುವ ಬೆಂಕಿ ಇನ್ನೊಂದು. ಒಲೆಯ ಬೆಂಕಿಯೂ ಮನೆಗೆ ಹತ್ತಿದ ಬೆಂಕಿಯೂ ಒಂದೇ ಎಂದು ಯಾವ ಗೃಹಿಣಿಯೂ ಹೇಳಳು. ಮೊದಲಿನ ಬೆಂಕಿಯನ್ನು ವರ್ಷವರ್ಷವೂ ಹಚ್ಚುತ್ತಿದ್ದಾಗ ಎರಡನೆಯದಕ್ಕೆ ಸೌದೆ ಸೇರುತ್ತಿರಲಿಲ್ಲ. ಈಗ ಸೌದೆ ಸೇರಿಬಿಟ್ಟಿದೆ. ಆದುದರಿಂದ ಕಾಡು ಈಗಿರುವ ಸ್ಥಿತಿಯಲ್ಲಿ ಕಡ್ಡಿಗೀರುವುದು ಅಪಾಯವೇ ಸರಿ. ಮೊದಲು ಲಂಟಾನವನ್ನು ತೆಗೆಯಬೇಕು.

ತೆಗೆಯುವ ಕ್ರಮವೂ ಒಂದುಂಟು. ಮೇಲೆ ಸವರಿದರೆ ಪ್ರಯೋಜನವಿಲ್ಲ. ಬುಲ್‌ಡೋಜರಿನಿಂದ ಕೆತ್ತಿದರೆ ಮಣ್ಣು ಕದಡಿ ಬೀಜಗಳೆಲ್ಲ ಮೊಳೆಯುತ್ತವೆ. ದೆಹಲಿ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞರಾದ ಪ್ರೊಫೆಸರ್ ಸಿ. ಆರ್. ಬಾಬು ಅವರೂ ಅವರ ಸಂಗಡಿಗರೂ ತೋರಿಸಿಕೊಟ್ಟ ವಿಧಾನದಲ್ಲಿ, ಕಾಂಡವು ಬೇರಿಗೆ ಸೇರುವ ಎಡೆಯ ಸ್ವಲ್ಪ ಕೆಳಗೆ, ನೆಲದೊಳಗೆ ಒಂದೇ ಏಟಿಗೆ ಕಡಿದು, ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ನಿಲ್ಲಿಸುತ್ತಾರೆ. ಚಿಗುರುವ ಶಕ್ತಿಯಿರುವ ಭಾಗ ಹೀಗೆ ಮಣ್ಣಿನಿಂದ ಮೇಲೆದ್ದು ಒಣಗುತ್ತದೆ. ಈ ಕೆಲಸವನ್ನು ಹಣ್ಣಾಗುವ ಮೊದಲೇ ಮಾಡಬೇಕು. ಹಕ್ಕಿಗಳು ಕೂರುವ ಮರಗಳ ಕೆಳಗೆ ಹುಟ್ಟಿದ ಸಸಿಗಳನ್ನು ಮುಂದಿನ ವರ್ಷಗಳಲ್ಲಿಯೂ ಬಿಡದೆ ಕೀಳಬೇಕು. ತೆರವಾದ ನೆಲಕ್ಕೆ ಆಯಾ ಕೇರಿಯ ಹುಲ್ಲನ್ನೂ ಮರಗಳನ್ನೂ ತರಬೇಕು. ಒಂದು ಸಲ ಮಾಡಿ ಕೈತೊಳೆದುಕೊಳ್ಳುವ ಕೆಲಸ ಇದಲ್ಲ. ಮನೆಯಂಗಳದಂತೆ ವರ್ಷವರ್ಷವೂ ನೋಡಿಕೊಳ್ಳಬೇಕಾದುದು. ಅಂತಹ ಕೆಲಸಕ್ಕೆ ಅಲ್ಲಿಯೇ ಹುಟ್ಟಿ ಅಲ್ಲಿಯೇ ಬಾಳುವವರಿಗಿಂತ ತಕ್ಕವರು ಬೇರೆ ಯಾರಿದ್ದಾರೆ?

ಈ ಮಾತಿಗೆ ಈಗ ಕಾಯಿದೆಯ ಬೆಂಬಲವೂ ಇದೆ. 2006ರ ಅರಣ್ಯಹಕ್ಕುಗಳ ಕಾಯಿದೆಯ ಪ್ರಕಾರ 2011ರ ಅಕ್ಟೋಬರಿನಲ್ಲಿ ಬಿಳಿಗಿರಿಯ 25 ಗ್ರಾಮಸಭೆಗಳಿಗೆ ಕಾಡಿನ ಮೇಲಣ ಸಾಮುದಾಯಿಕ ಹಕ್ಕುಗಳು ದೊರೆತುವು. ಹುಲಿಗಳ ರಕ್ಷಿತಾರಣ್ಯವೊಂದರೊಳಗೆ ಇಂತಹ ಹಕ್ಕು ಮೂಲನಿವಾಸಿಗಳಿಗೆ ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಜೇನು, ನೆಲ್ಲಿ ಮೊದಲಾದುವನ್ನು ಸಂಗ್ರಹಿಸುವ ಹಕ್ಕು ಮಾತ್ರವಲ್ಲದೆ ಕಾಡನ್ನು ಕಾಪಾಡುವ ಹೊಣೆಯೂ ಅದರಲ್ಲಿ ಸೇರಿದೆ. ಕಾಗದದ ಮೇಲೆ ಬಂದ ಹಕ್ಕು ಕಾಡಿನ ಕೆಲಸವಾಗಿ ಪರಿಣಮಿಸಲು ಅಧಿಕಾರಿಗಳ ವಿಶ್ವಾಸ ಬೇಕು, ವಿಜ್ಞಾನಿಗಳ ಲೆಕ್ಕ ಬೇಕು, ಸೋಲಿಗರ ಅನುಭವ ಬೇಕು. ಲಂಟಾನವನ್ನು ತೆಗೆದ ಒಂದು ತುಂಡು ನೆಲದಲ್ಲಿ, ಮಾಘದ ಇಬ್ಬನಿಯಲ್ಲಿ, ಮೂವರೂ ಜೊತೆಯಲ್ಲಿ ನಿಂತು ತರಗುಬೆಂಕಿಯನ್ನು ಪರೀಕ್ಷಿಸಿ ನೋಡುವುದರಲ್ಲಿ ಕೆಡುವುದೇನೂ ಇಲ್ಲ. ಹತ್ತಿರದ ಮಲೆಮಹದೇಶ್ವರನ ಬೆಟ್ಟದಲ್ಲಿ ಸೋಲಿಗರು ಲಂಟಾನದ ಕಡ್ಡಿಗಳನ್ನು ಬೇಯಿಸಿ, ಸಿಪ್ಪೆ ತೆಗೆದು, ಬೆತ್ತದಂತೆ ಬಾಗಿಸಿ ಕುರ್ಚಿ, ಮೇಜು, ಬುಟ್ಟಿಗಳನ್ನು ಮಾಡಿ ಮಾರುವುದನ್ನು ಕಲಿತಿದ್ದಾರೆ. ಇದರಿಂದಲೇ ಕಾಡಿನ ಲಂಟಾನವೆಲ್ಲ ಮುಗಿಯುವುದಿಲ್ಲವಾದರೂ ತೆಗೆಯುವ ಕೆಲಸಕ್ಕೆ ಕೂಲಿಯ ಒಂದು ದಾರಿಯಾಗುತ್ತದೆ.

ಇನ್ನು ಬೆಟ್ಟದಿಂದ ದೂರವಿರುವ ನಾವು ಮಾಡತಕ್ಕದ್ದೇನು? ಒಂದೆರಡು ಸಣ್ಣ ಮಾತುಗಳನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ರಥೋತ್ಸವಕ್ಕೋ ಹರಕೆಗೋ ಬೆಟ್ಟಕ್ಕೆ ಹೋಗುವವರು ದಾರಿಯಲ್ಲಿ ಬೀಡಿ ಸಿಗರೇಟುಗಳ ಕಿಡಿಯನ್ನೂ ಕಸವನ್ನೂ ಬಿಡದಿರಲಿ. ಕಾಡಿನಂಚಿನ ಊರುಗಳಲ್ಲಿ ತೋಟವಿರುವವರು ಹೂವು ಚೆಲುವಾಗಿದೆಯೆಂದು ಗೊತ್ತಿಲ್ಲದ ಪರದೇಶದ ಗಿಡಗಳನ್ನು ಬೇಲಿಗೆ ನೆಡದಿರಲಿ. ಲಂಟಾನವೂ ಒಂದು ಕಾಲಕ್ಕೆ ಹಾಗೆ ಬಂದ ಅತಿಥಿಯೇ. ಮಾಗಳಿ ಬೇರು ಕೊಳ್ಳುವಾಗ ಅದು ಅಗೆದು ಮುಗಿಸಿದ ಬಳ್ಳಿಯೋ ಬೆಳೆಸಿದ ಬಳ್ಳಿಯೋ ಎಂದು ಕೇಳುವ ಅಭ್ಯಾಸವಾಗಲಿ. ಸೋಲಿಗರ ಸಂಘಗಳು ಮಾರುವ ಜೇನು, ನೆಲ್ಲಿ ದೊರೆತರೆ ತಕ್ಕ ಬೆಲೆ ಕೊಟ್ಟು ಕೊಳ್ಳೋಣ. ಮರದಿಂದ ಆದಾಯವಿದ್ದವನಿಗೆ ಮರದ ಮೇಲೆ ಕಣ್ಣಿರುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ, ಮಕ್ಕಳನ್ನು ಕರೆದುಕೊಂಡು ಬೆಟ್ಟಕ್ಕೆ ಹೋದಾಗ ಹುಲಿ ಆನೆಗಳನ್ನಷ್ಟೇ ಹುಡುಕದೆ, ದಾರಿಯುದ್ದಕ್ಕೂ ಗಿಡಮರಗಳು ಹೇಗೆ ಬದಲಾಗುತ್ತವೆಂಬುದನ್ನು ಅವರಿಗೆ ತೋರಿಸಬೇಕು. ಇಲ್ಲಿಯವರೆಗೆ ಜಾಲಿ, ಇಲ್ಲಿಂದ ದಿಂಡಿಗ, ಇಲ್ಲಿ ನೆಲ್ಲಿ, ಅಗೋ ಅಲ್ಲಿ ಸಂಪಿಗೆ ಎಂದು ಹೇಳಬೇಕು. ದೊಡ್ಡ ಮರವನ್ನು ಕಂಡಾಗ ಅದರ ಬುಡದಲ್ಲಿ ಅದೇ ಜಾತಿಯ ಸಸಿಯೊಂದಾದರೂ ಇದೆಯೆ ಎಂದು ಬಗ್ಗಿ ನೋಡುವುದನ್ನು ಕಲಿಸಬೇಕು. ಗೆರೆಯೆಳೆದು ಕಾಡನ್ನು ಉಳಿಸುವುದು ಮೊದಲನೆಯ ಹೆಜ್ಜೆ. ಅದನ್ನು ನಮ್ಮ ಹಿಂದಿನವರು ಇಟ್ಟಿದ್ದಾರೆ. ಗೆರೆಯೊಳಗೆ ಒಂದೊಂದು ಗಿಡಕ್ಕೂ ಅದರದರ ನೆಲೆಯನ್ನು ಉಳಿಸಿಕೊಡುವುದು ಎರಡನೆಯ ಹೆಜ್ಜೆ. ಅದು ನಮ್ಮ ಕಾಲದವರ ಪಾಲಿಗೆ ಬಂದಿದೆ.